ಸಾಹೇಬರ ಗರೀಬಖಾನೆಯಲ್ಲಿ ಇಂಗ್ಲಿಷ್ ಅಲಂಕಾರ

ಇಂಗ್ಲಿಷ್ ಮಾತಿನ ಅಲಂಕಾರಗಳನ್ನು ಪುಸ್ತಕದಲ್ಲಿ ಮುಚ್ಚಿಟ್ಟರೆ ಸುಮ್ಮನಿರುತ್ತವೆ. ಹುಡುಗಿಯರ ಬಾಯಿಗೆ ಬಿದ್ದರೆ ದಿನಕ್ಕೊಂದು ಫಜೀತಿ ತರುತ್ತವೆ. ನಾನು ಸಾಲೆಗೆ ಹೋದವಳಲ್ಲ. ಔರಾದಿನಲ್ಲಿ ರೊಟ್ಟಿ ಬಡಿಯುತ್ತಲೇ ಒಂದು ಹರಕು ಇಂಗ್ಲಿಷ್ ಪುಸ್ತಕವನ್ನು ಒಬ್ಬಳೇ ಓದಿ ಅರಗಿಸಿಕೊಂಡೆ. ಯಾರೂ ಕಲಿಸಲಿಲ್ಲ, ಹಾಗಾಗಿ ಯಾರ ಋಣವೂ ಇಲ್ಲ. ಆಮೇಲೆ ಬೀದರಿಗೆ ಬಂದು, ಭಾಲ್ಕಿಯ ಸಾಹುಕಾರರೊಬ್ಬರ ಖಾಲಿ ಕೋಣೆ ಹಿಡಿದು ಹುಡುಗಿಯರ ಸಾಲೆ ತೆಗೆದೆ.

ತೊಗರಿ ಚೀಲ

ಮೊದಲು ಕಲಿಸಿದ್ದು ಉಪಮೆ. ಪುಸ್ತಕದಲ್ಲಿ ‘ಹಿಮದ ಹಾಗೆ ಬೆಳ್ಳಗೆ’ ಅಂತಿತ್ತು. ಹಿಮ ಹ್ಯಾಂಗಿರ್ತದ ಎಂದು ಹುಡುಗಿಯರು ಕೇಳಿದರು. ನಾನೂ ನೋಡಿರಲಿಲ್ಲ, ಆದರೆ ಹಾಗೆ ಒಪ್ಪಿಕೊಳ್ಳಲು ನಾಲಿಗೆ ಹೊರಳಲಿಲ್ಲ. ಕಂಡದ್ದನ್ನು ಕಂಡದ್ದಕ್ಕೇ ಹೋಲಿಸಿರಿ ಅಂದುಬಿಟ್ಟೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದಳು.

“ಸಾಹುಕಾರ್ರ ಹೊಟ್ಟಿ ತೊಗರಿ ಚೀಲದಂಗ ಅದರಿ.”

ಸಾಹುಕಾರರು ಬಾಗಿಲಲ್ಲೇ ನಿಂತಿದ್ದರು. ಅವರನ್ನು ಕಂಡು ಹುಡುಗಿ ಗಾಬರಿಯಿಂದ ತಿದ್ದಿಕೊಂಡಳು: “ತುಂಬಿದ್ದಲ್ಲರಿ, ಅರ್ಧ ಚೀಲ.”

ಜೀವ ಹೋದರೂ

ಮರುದಿನ ಸಾಹುಕಾರರು ಬಂದು, ಇಲ್ಲಿ ಇನ್ನು ನಿಜವಾದ ಚೀಲಗಳನ್ನೇ ಇಡುತ್ತೇನೆ, ಅಮಾಸಿಯೊಳಗೆ ಕೋಣೆ ಬಿಡಿರಿ ಎಂದರು. ಬೇಡಿಕೊಳ್ಳುವುದು ನನಗೆ ಬರುವುದಿಲ್ಲ; ವಾದಿಸಿದೆ. ಅವರಿಗೆ ರೇಗಿತು.

“ನನ್ನ ಜೀವ ಹೋದ್ರೂ ಈ ಕೋಣಿ ಕೊಡಂಗಿಲ್ಲ.”

ಅದೇ ವಾರ ಅತಿಶಯೋಕ್ತಿ ಕಲಿತಿದ್ದ ಹುಡುಗಿಯರ ಮುಖ ಅರಳಿತು. ಅದು ಬರೀ ಹೆಚ್ಚಿಸಿ ಹೇಳೂದು, ಹಂಗಂದ್ರ ಕೊಡ್ತಾರ ಎಂದು ಒಬ್ಬಳು ಪಕ್ಕದವಳಿಗೆ ಧೈರ್ಯ ಹೇಳಿದಳು. ಸಾಹುಕಾರರು ಅಮಾಸಿಗೂ ಕಾಯದೆ ಸಂಜೆಗೇ ಬೀಗ ಜಡಿದರು. ಪುಸ್ತಕದಲ್ಲಿ ಬೀಗದ ವಿಷಯ ಏನೂ ಇರಲಿಲ್ಲ.

ಗರೀಬಖಾನೆ

ಸಾಲೆ ಬೀದಿಗೆ ಬಿತ್ತು. ಬೇಗ ಜಾಗ ಸಿಗದಿದ್ದರೆ ಮನೆಯವರು ಹುಡುಗಿಯರನ್ನು ಮತ್ತೆ ಒಲೆಯ ಮುಂದೆ ಕೂರಿಸುವುದು ಖಂಡಿತ. ಬೀದರಿನ ದೊಡ್ಡ ಅಧಿಕಾರಿಯೊಬ್ಬರ ಹವೇಲಿಗೆ ಹೋದೆ. ನಮ್ಮ ನಿಜಾಮರ ಸೀಮೆಯಲ್ಲಿ ಮರ್ಯಾದಸ್ತರು ತಮ್ಮ ಹವೇಲಿಯನ್ನು ಗರೀಬಖಾನೆ, ಬಡವನ ಗುಡಿಸಲು, ಅನ್ನುತ್ತಾರೆ. ಎದುರಿನವರ ಗುಡಿಸಲು ಅವರ ಬಾಯಲ್ಲಿ ದೌಲತಖಾನೆ, ಸಿರಿವಂತರ ಅರಮನೆ. ಸರ್ಕಾರದ ಜಾಗ ಯಾವುದೂ ಖಾಲಿಯಿಲ್ಲವೆಂದು ಸಾಹೇಬರು ಬಹಳ ಮರುಗಿದರು. ಕಡೆಗೆ ಎದೆಯ ಮೇಲೆ ಕೈಯಿಟ್ಟು ಬೀಳ್ಕೊಟ್ಟರು.

“ಈ ಗರೀಬಖಾನಾ ನಿಮ್ಮದೇ ಅಂತ ತಿಳೀರಿ, ಬಾಯಾರ.”

ಪುಸ್ತಕದಲ್ಲಿ ಇದಕ್ಕೂ ಪಾಠವಿದೆ: ಇದ್ದದ್ದನ್ನು ಇಳಿಸಿ ಹೇಳುವುದು. ನನಗದು ಚೆನ್ನಾಗಿ ಗೊತ್ತಿತ್ತು. ಆದರೆ ಅಂಥ ದೊಡ್ಡವರ ಮಾತನ್ನು ಬರೀ ಅಲಂಕಾರ ಅಂದುಕೊಳ್ಳುವುದು ಮರ್ಯಾದೆಯೇ? ಮರುದಿನ ಮುಂಜಾನೆ ಹುಡುಗಿಯರನ್ನೆಲ್ಲ ಕರೆದೊಯ್ದು, ಅವರ ಪಡಸಾಲೆಯಲ್ಲಿ ಕೂರಿಸಿ ಪಾಠ ಶುರುಮಾಡಿದೆ. ಅಂದಿನ ಪಾಠ, ಉತ್ತರ ಬೇಡದ ಪ್ರಶ್ನೆ.

ಸಾಹೇಬರು ಚಹಾದ ಬಟ್ಟಲು ಹಿಡಿದು ಹೊರಬಂದವರು ಅಲ್ಲೇ ನಿಂತರು.

“ಇದು ಮನೀನೋ, ಸಾಲೀನೋ?”

ತೊಗರಿ ಚೀಲದ ಹುಡುಗಿ ನನ್ನ ಕಡೆ ತಿರುಗಿದಳು. “ಅಕ್ಕೋರ, ಇದಕ್ಕ ಉತ್ತರ ಹೇಳಬೇಕೇನ್ರಿ?”

“ಹೇಳು” ಅಂದೆ.

“ಸಾಲಿ ಅದರಿ, ಸಾಹೇಬ್ರ. ತಡಾ ಮಾಡಿ ಬಂದೀರಿ, ಹಿಂದ ಕುಂಡ್ರಿ.”

ಪರದೆಯ ಒಳಗಿನಿಂದ ಬೇಗಂ ಸಾಹೇಬರ ನಗು ಕೇಳಿತು. ಹಿಂದೆಯೇ ಒಂದು ಜಮಖಾನ ಹೊರಬಂತು, ಹುಡುಗಿಯರಿಗೆ ದಿನಾ ಹಾಸಲು ಇರಲಿ ಎಂಬ ಮಾತಿನೊಂದಿಗೆ. ಸಾಹೇಬರು ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಬಟ್ಟಲು ಹಿಡಿದೇ ಹಿಂದಿನ ಸಾಲಿನಲ್ಲಿ ಕೂತರು.