ಹಳೆಯ ಕಂಪ್ಯೂಟರಿನಲ್ಲಿ ಮಾವನವರ ಕೀರ್ತನೆ

‘ನನಗೆ ಗೊತ್ತು’ ಎನ್ನುವ ಮಾತನ್ನು ಬಿಡಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಗೊತ್ತಿಲ್ಲ ಅಂದವನ ಮೇಲೆ ಯಾರೂ ಸಿಟ್ಟಾಗುವುದಿಲ್ಲ, ಗೊತ್ತು ಅಂದವನ ಗತಿ ನೋಡಬೇಕು. ನವನಗರದ ನಮ್ಮ ಮನೆಯ ಕಂಪ್ಯೂಟರ್ ಮದುವೆಯಾದ ಹೊಸತರಲ್ಲಿ ಕೊಂಡದ್ದು. ಇತ್ತೀಚೆಗೆ ಅದು, ಹಳೆಯ ಆಪರೇಟಿಂಗ್ ಸಿಸ್ಟಮ್‌ಗೆ ಇನ್ನು ರಕ್ಷಣೆಯಿಲ್ಲ, ಹೊಸದನ್ನು ಹಾಕಿಕೊಳ್ಳಿ ಎಂದು ದಿನವೂ ಎಚ್ಚರಿಸುತ್ತಿತ್ತು. ಹಾಕಲು ಹೋದರೆ, ಈ ಯಂತ್ರಕ್ಕೆ ಹೊಸದು ಹೊಂದುವುದಿಲ್ಲ ಎಂಬ ಜವಾಬು. ಊಟಕ್ಕೆ ಕರೆದು ಎಲೆ ಹಾಕದ ಹಾಗೆ! ನನಗೆ ಅವಮಾನವಾಯಿತು. ಹೊಂದದ್ದನ್ನು ಹೊಂದಿಸುವ ಉಪಾಯವನ್ನು ಒಂದು ವಿಡಿಯೋದಲ್ಲಿ ನೋಡಿ, ಶನಿವಾರ ಊಟವಾದ ಮೇಲೆ ಕೂತೇಬಿಟ್ಟೆ.

ಹೆಂಡತಿ ಪ್ರೇಮಾಳ ಚಿಂತೆಯೇ ಬೇರೆ. ತೀರಿಹೋದ ನಮ್ಮ ಮಾವನವರು ಹಾಡಿದ ಒಂದು ಕೀರ್ತನೆ ಆ ಕಂಪ್ಯೂಟರಿನಲ್ಲಿತ್ತು. ಅದರ ಮುಂದೆಯೇ ಅವರನ್ನು ಕೂಡಿಸಿ, ಮೈಕ್ ಹಿಡಿದು ಅವಳೇ ರೆಕಾರ್ಡ್ ಮಾಡಿದ್ದು. ಅವರ ದನಿ ಉಳಿದದ್ದು ಅದೊಂದರಲ್ಲೇ. ಭಾನುವಾರ ಚರ್ಚಿಗೆ ಹೊರಡುವ ಮುನ್ನ ಅವಳು ಅದನ್ನು ಕೇಳಲೇಬೇಕು. ಹಾಡು ಮುಗಿಯುತ್ತಲೇ ಅವಳಿಗೆ ಅಳು ಬರುತ್ತದೆಂದು ನಾನು ಓಡಿಹೋಗಿ ಬಂದ್ ಮಾಡುವುದು ನಮ್ಮ ಮನೆಯ ರೂಢಿ.

“ಅಪ್ಪಾರ ಹಾಡು ಬ್ಯಾರೆ ಕಡೆ ತಗದ ಇಟ್ಟೀರಿಲ್ಲ?” ಎಂದಳು.

“ಪೆನ್‌ಡ್ರೈವ್‌ನ್ಯಾಗ ಹಾಕೇನಿ. ನನಗ ಗೊತ್ತೈತಿ,” ಎಂದೆ.

ಕೆಲಸ ಶುರುವಾಯಿತು. ‘ಕಂಪ್ಯೂಟರ್ ಬಂದ್ ಮಾಡಬೇಡಿ’ ಎಂಬ ಸೂಚನೆ ಬಂತು. ಅರವತ್ತು ಪ್ರತಿಶತಕ್ಕೆ ಬಂದು ನಿಂತದ್ದು ನಿಂತೇ ಇತ್ತು. ಮನಸ್ಸು ತಡೆಯದೆ ಪ್ರೇಮಾ ಪೆನ್‌ಡ್ರೈವನ್ನು ಟಿ.ವಿ.ಗೆ ಹಾಕಿ ನೋಡಿದಳು. ಅದರಲ್ಲಿ ಹಾಡೇ ಇರಲಿಲ್ಲ. ಆಗ ನನಗೆ ಹೊಳೆಯಿತು: ನಾನು ಹಾಕಿಟ್ಟದ್ದು ಹಾಡನ್ನಲ್ಲ, ಅದರ ಶಾರ್ಟ್‌ಕಟ್ಟನ್ನು! ಮನೆಯ ವಿಳಾಸ ಬರೆದುಕೊಂಡು ಮನೆಯನ್ನೇ ತಂದೆನೆಂದು ಬೀಗಿದಂತಾಗಿತ್ತು.

“ಏನಾತ್ರಿ?”

“ಏನಿಲ್ಲ, ಟಿ.ವಿ. ಹಳೇದೈತಲ್ಲ...”

“ನನ್ನ ಮಾರಿ ನೋಡಿ ಹೇಳ್ರಿ.”

ಹೇಳಿದೆ. ಬೈದಿದ್ದರೆ ಪಾಡಿತ್ತು. ಅವಳು ಸ್ಟೂಲ್ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕೂತು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡತೊಡಗಿದಳು. ನಾನೂ ಕೈ ಜೋಡಿಸಿದೆ, ಆದರೆ ಒಂದು ಕಣ್ಣು ಪ್ರತಿಶತದ ಮೇಲೇ ಇತ್ತು. ಈಗ ಕರೆಂಟು ಹೋದರೆ ಮಾವನವರು ಎರಡನೆಯ ಸಲ ತೀರಿಹೋದಂತೆ, ಅದೂ ನನ್ನ ಕೈಯಿಂದ. ಫ್ಯಾನು ಒಮ್ಮೆ ನಿಧಾನವಾದಾಗ ಕರೆಂಟು ಹೋಯಿತೆಂದೇ ಎದ್ದು ನಿಂತೆ. ಎಷ್ಟೋ ಹೊತ್ತಿನ ಮೇಲೆ ಅರವತ್ತು ಅರವತ್ತೊಂದಾಯಿತು. “ಸ್ತೋತ್ರ” ಎಂದಳು ಪ್ರೇಮಾ.

ಸಂಜೆಗೆ ಕಂಪ್ಯೂಟರ್ ಹೊಸ ರೂಪದಲ್ಲಿ ಎದ್ದಿತು. ಹಾಡು ಇದ್ದಲ್ಲೇ ಇತ್ತು, ಆದರೆ ಹಚ್ಚಿದರೆ ದನಿಯಿಲ್ಲ. ಹಳೆಯ ಯಂತ್ರದ ಸೌಂಡ್ ಕಾರ್ಡನ್ನು ಹೊಸ ಸಿಸ್ಟಮ್ ಗುರುತೇ ಹಿಡಿಯಲಿಲ್ಲ. ಪ್ರೇಮಾ ನನ್ನನ್ನು ಸರಿಸಿ, ತಾನೇ ಹಾಡನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಟಿ.ವಿ.ಯಲ್ಲಿ ಹಚ್ಚಿದಳು. ಮಾವನವರ ದನಿ ಕೇಳಿ ಈ ಸಲ ಮೊದಲು ಅತ್ತದ್ದು ನಾನು. ಹಾಡು ಮುಗಿಯಿತು. ರೂಢಿಯಂತೆ ಬಂದ್ ಮಾಡಲು ಎದ್ದೆ, ಆದರೆ ರಿಮೋಟ್ ಅವಳ ಕೈಯಲ್ಲಿತ್ತು. ಒಂದು ಕೆಮ್ಮು ಕೇಳಿಸಿತು. ಆಮೇಲೆ ಮಾವನವರು ಮಾತಾಡಿದರು: “ಆತೇನವಾ ಪ್ರೇಮಾ? ನೀನ ಬಂದ್ ಮಾಡು. ಅಳಿಯಂದ್ರಿಗೆ ಇದನ್ನ ಮುಟ್ಟಾಕ ಕೊಡಬ್ಯಾಡ.”

“ಇದು ನನಗ ಮರತ ಹೋಗಿತ್ತರಿ!” ಎಂದು ಅವಳು ಕಣ್ಣೀರಿನಲ್ಲೇ ಬಿದ್ದು ಬಿದ್ದು ನಕ್ಕಳು. ಈಗ ಮನೆಗೆ ಯಾರೇ ಬರಲಿ, ಅಪ್ಪನ ದನಿ ಕೇಳಿಸುತ್ತೇನೆಂದು ಕೂಡಿಸುತ್ತಾಳೆ. ಹಾಡನ್ನು ದಾಟಿಸಿ ನೇರವಾಗಿ ಕೊನೆಗೇ ಬರುತ್ತಾಳೆ.