ಹಾಡು ಮುಗಿಸಿದರೆ ಕೋಣೆ ನಿನ್ನದು

ಹಾಡು ಹೇಳಿಕೊಡುವವರ ಮನೆಯಲ್ಲಿ ನಗುವಂಥದ್ದು ನಡೆಯದ ವಾರವೇ ಇರುವುದಿಲ್ಲ. ಅಳುವಂಥದ್ದೂ ಅದೇ ವಾರ ನಡೆಯುತ್ತದೆ, ಹೆಚ್ಚಾಗಿ ಎರಡೂ ಒಂದೇ ಹಾಡಿನಲ್ಲಿ.

ನಾನು ಕೊಳ್ಳೇಗಾಲದಲ್ಲಿ ಇಪ್ಪತ್ತೆರಡು ವರ್ಷದಿಂದ ಸಂಗೀತ ಹೇಳಿಕೊಡುತ್ತಿದ್ದೇನೆ. ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ನಡುಮನೆಯಲ್ಲಿ ಮಗ್ಗ, ಮುಂದಿನ ಕೋಣೆಯಲ್ಲಿ ನನ್ನ ಶ್ರುತಿಪೆಟ್ಟಿಗೆ. ಆ ಕೋಣೆಯ ಮೇಲೆ ನಮ್ಮತ್ತೆಗೆ ಮೊದಲಿನಿಂದಲೂ ಕಣ್ಣು. ಅಟ್ಟದ ಮೇಲೆ ಬಿಚ್ಚಿಟ್ಟಿರುವ ಇನ್ನೊಂದು ಮಗ್ಗವನ್ನು ಅಲ್ಲಿ ಹೂಡಬೇಕು ಅಂತ ಆಸೆ. ನಮ್ಮ ಕಡೆ ಮಗ್ಗಕ್ಕೆ ನೆಲದಲ್ಲಿ ಹಳ್ಳ ತೋಡುತ್ತಾರೆ, ನೇಯುವವರು ಕಾಲು ಇಳಿಬಿಟ್ಟು ಕೂರುವುದಕ್ಕೆ. ಪಾಠ ನಡೆಯುವಾಗಲೇ ಅತ್ತೆ ಬಂದು ಗೇಣು ಹಾಕಿ ನೆಲ ಅಳೆಯುತ್ತಿದ್ದರು. ಅಳತೆ ಪ್ರತಿ ಸಲವೂ ಸರಿಯಾಗಿ ನಾನು ಕೂತ ಜಾಗಕ್ಕೇ ಬಂದು ನಿಲ್ಲುತ್ತಿತ್ತು.

ಕಳೆದ ದಸರಾ ಮುಗಿದ ವಾರ ಊಟಕ್ಕೆ ಕೂತಿದ್ದಾಗ ಕೇಳಿಯೇಬಿಟ್ಟರು. “ಇಷ್ಟು ವರ್ಸ ಕೂಗಿಸ್ದಲ್ಲ, ಒಬ್ರಾದ್ರೂ ಸ್ಟೇಜ್ ಮೇಲೆ ಒಂದ್ ಹಾಡ ಪೂರ್ತಿ ಹೇಳವ್ರಾ?”

ನಾನು ಯೋಚನೆ ಮಾಡಿದೆ. ಚೆನ್ನಾಗಿ ಕಲಿತವರು ಮದುವೆಯಾಗಿ ಹೋಗಿದ್ದರು, ಸ್ಟೇಜು ಹತ್ತಿದವರು ಸಾಲು ಮರೆತು ಇಳಿದಿದ್ದರು. ನಿಜ ಹೇಳಬೇಕೆಂದರೆ ಒಬ್ಬರೂ ಇರಲಿಲ್ಲ. ನಮ್ಮ ಯಜಮಾನರು ಈ ಜನ್ಮದಲ್ಲಿ ಸಾರನ್ನೇ ನೋಡಿಲ್ಲದವರ ಹಾಗೆ ತಟ್ಟೆಯನ್ನೇ ನೋಡುತ್ತಿದ್ದರು.

“ಯುಗಾದಿ ಒಳ್ಗೆ ಒಬ್ರು ಮುಗಿಸ್ಲಿ, ಕ್ವಾಣೆ ನಿಂದು. ಇಲ್ದಿದ್ರೆ ಹಳ್ಳ ತೋಡಿಸ್ತೀನಿ” ಅಂದರು ಅತ್ತೆ. ನಾನೂ ರೋಷಕ್ಕೆ ಬಿದ್ದು ಆಗಲಿ ಅಂದುಬಿಟ್ಟೆ.

೧. ರಸ್ತೆಯ ಗಮಕ

ಸ್ವರವನ್ನು ಅಲುಗಾಡಿಸಿ, ತೂಗಿ ಹಾಡುವುದಕ್ಕೆ ನಮ್ಮಲ್ಲಿ ಗಮಕ ಅಂತಾರೆ. ಅದು ಗಂಟಲಿಗೆ ಹತ್ತಲು ಮೂರು ವರ್ಷ ಬೇಕು, ಕೆಲವರಿಗೆ ಮೂರು ಜನ್ಮ. ಹಾಗಿರುವಾಗ ಕುಂತೂರಿನ ಒಬ್ಬ ಟ್ರ್ಯಾಕ್ಟರ್ ಡ್ರೈವರ್ ಹಾಡಿ ಕಳಿಸಿದ್ದು ಅಂತ ಒಂದು ವಾಟ್ಸಾಪ್ ನನ್ನ ಮೊಬೈಲಿಗೆ ಬಂತು. ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ಒಂದೊಂದು ಸ್ವರವೂ ತುಳುಕಾಡುತ್ತಿತ್ತು. ಪುಣ್ಯಾತ್ಮ ಯಾವ ಗುರುವಿನ ಹತ್ತಿರ ಕಲಿತನೋ ಅಂದುಕೊಂಡು ತಕ್ಷಣ ಕರೆಸಿದೆ.

ಬಂದ, ಕೂತ, ಹಾಡಿದ. ಚಪ್ಪಡಿ ಕಲ್ಲು. ಒಂದು ಸ್ವರವೂ ಮಿಸುಕಲಿಲ್ಲ. ಎರಡನೇ ದಿನವೂ ಅದೇ. ಮೂರನೇ ದಿನ ಅನುಮಾನ ಬಂದು, ಆ ಹಾಡನ್ನು ಎಲ್ಲಿ ಕೂತು ಹಾಡಿದೆಯಪ್ಪ ಅಂತ ಕೇಳಿದೆ.

“ಗಾಡಿ ಮೇಲೇ ಮೇಡಮ್ಮಾ. ಕಬ್ಬು ಏರ್ಕಂಡು ಫ್ಯಾಕ್ಟ್ರಿಗೆ ಓಯ್ತಿದ್ದೆ.”

ನಂಬಿಕೆ ಬರದೆ ನಾನೂ ಒಂದು ದಿನ ಸೆರಗು ಬಿಗಿದುಕೊಂಡು ಆ ಟ್ರ್ಯಾಕ್ಟರ್ ಹತ್ತಿದೆ. ಸಣ್ಣ ಗುಂಡಿಗೆ ಸಣ್ಣ ಗಮಕ, ದೊಡ್ಡ ಗುಂಡಿಗೆ ದೊಡ್ಡ ಗಮಕ, ಹಂಪ್ ಬಂದರೆ ನೇರ ಮೇಲಿನ ಷಡ್ಜ. ನನ್ನ ಗುರುಗಳು ಬೈದು ಬೈದು ಸಾಕಾಗಿ ಕೈಬಿಟ್ಟಿದ್ದ ಒಂದು ಗಮಕ ನನಗೂ ಅಂದು ಅಲ್ಲೇ ಬಂತು. ಇಳಿದ ಮೇಲೆ ಹೋಯಿತು.

ಆದರೂ ಆಸೆ. ಅಲ್ಲೇ ಹತ್ತಿರದ ಒಂದು ಸಮುದಾಯ ಭವನದ ಕಾರ್ಯಕ್ರಮದಲ್ಲಿ ಹಾಡಿಸಿದೆ. ಎರಡು ಸಾಲು ಹಾಡಿದವನು ನಿಲ್ಲಿಸಿ, ಮೈಕಿನಲ್ಲೇ ನನ್ನ ಕಡೆ ತಿರುಗಿ, ಸ್ಟೇಜು ಬಾಳ ಸಮ ಅದೆ, ತನ್ನ ಕೈಲಿ ಆಗಲ್ಲ ಅಂದು ಇಳಿದು ಬಂದ. ಅತ್ತೆ ಅಂದು ಸಂಜೆಯೇ ಅಟ್ಟದಿಂದ ಮಗ್ಗದ ಎರಡು ಮರ ಇಳಿಸಿದರು.

ಮುಂದಿನ ತಿಂಗಳು ಆ ರಸ್ತೆಗೆ ಡಾಂಬರು ಹಾಕಿದರು. ಊರಿಗೆ ಊರೇ ಖುಷಿಪಟ್ಟಿತು. ಇವನೊಬ್ಬ ಸಾವಿನ ಮನೆಯಿಂದ ಬಂದವನ ಹಾಗೆ ನಮ್ಮ ಬಾಗಿಲಿಗೆ ಬಂದು, ನನ್ನ ಸಂಗೀತ ಮುಗೀತು ಮೇಡಮ್ಮಾ ಅಂತ ಹೇಳಿ ಹೋದ.

೨. ಸೊಲ್ಲು ಹಿಡಿಯುವವರು

ಹನೂರಿನ ಕಡೆಯ ಒಬ್ಬರು ಕಂಸಾಳೆ ಹಾಡುವವರು. ವಯಸ್ಸು ಎಪ್ಪತ್ತು ಆಗಿರಬೇಕು, ಗಂಟಲಿಗೆ ಇಪ್ಪತ್ತು. ಅವರು ನನ್ನ ಶಿಷ್ಯರಲ್ಲ, ಆದರೆ ಹೇಗಾದರೂ ಮಾಡಿ ಶಿಷ್ಯರು ಅಂತ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕಲ್ಲ. ಮನೆಗೆ ಕರೆದು, ಕಾಫಿ ಕೊಟ್ಟು, ನಿಮ್ಮ ಶ್ರುತಿ ಯಾವುದು ಅಂತ ಕೇಳಿದೆ. ಬೆಟ್ಟದ ಮೇಲೆ ಕೊನೇಲಿ ನಿಂತಿರೋನಿಗೆ ಯಾವುದು ಕೇಳುಸ್ತದೋ ಅದೇ ತನ್ನದು ಅಂದರು. ಹಾಡಿ ತೋರಿಸಿದರು. ಎದುರು ಮನೆಯವರು ಜಗಳ ಅಂದುಕೊಂಡು ಹೊರಗೆ ಬಂದು ನಿಂತರು.

ಹನೂರಿನ ಒಂದು ಸ್ಕೂಲಿನ ವಾರ್ಷಿಕೋತ್ಸವಕ್ಕೆ ಒಪ್ಪಿಸಿದೆ. ಅವರ ಮೇಳದವರು ಯಾರೂ ಅಂದು ಸಿಗಲಿಲ್ಲ, ಒಬ್ಬರೇ ಬಂದರು. ನನಗೆ ಅದೇ ಬೇಕಾಗಿದ್ದುದು, ಒಬ್ಬರೇ ಹಾಡಿ ಮುಗಿಸಿದರೆ ಕೋಣೆ ಉಳಿಯುತ್ತದೆ.

ಮೊದಲ ಸಾಲು ಹೇಳಿದರು. ಸಭೆ ನಡುಗಿತು. ಆಮೇಲೆ ಸುಮ್ಮನೆ ನಿಂತರು. ನಾನು ಕಾದೆ, ಹೆಡ್ಮಾಸ್ತರು ಕಾದರು, ಸಭೆ ಕಾಯಿತು. ಆಗ ನನಗೆ ಹೊಳೆಯಿತು. ಕಂಸಾಳೆಯಲ್ಲಿ ಮುಂದಿನವರು ಒಂದು ಸಾಲು ಹೇಳಿದರೆ ಹಿಂದಿನವರು ಆ ಸೊಲ್ಲು ಹಿಡಿಯಬೇಕು, ಆಮೇಲೇ ಮುಂದಿನ ಸಾಲು. ಇವರ ಹಿಂದೆ ಬಣ್ಣದ ಕಾಗದದ ತೋರಣ ಬಿಟ್ಟರೆ ಇನ್ನೇನೂ ಇರಲಿಲ್ಲ. ಐವತ್ತು ವರ್ಷದ ಅಭ್ಯಾಸ, ಬೆನ್ನ ಹಿಂದಿನಿಂದ ಸೊಲ್ಲು ಬಾರದೆ ಬಾಯಿ ಬಿಚ್ಚಲೊಲ್ಲದು. ಕೊನೆಗೆ ಸಭೆಯ ಕಡೆ ನೋಡಿ, “ಊರಲ್ಲಿ ಯಾರ್ಗೂ ಬಾಯಿಲ್ವಾ?” ಅಂದರು.

ನಾನು ರೇಷ್ಮೆ ಸೀರೆ ಉಟ್ಟುಕೊಂಡೇ ಸ್ಟೇಜಿಗೆ ಓಡಿದೆ. ಅವರ ಹಿಂದೆ ನಿಂತು ಹಾಡಿನ ಉದ್ದಕ್ಕೂ ಸೊಲ್ಲು ಹಿಡಿದೆ. ಹಾಡೇನೋ ಪೂರ್ತಿ ಮುಗಿಯಿತು, ಚಪ್ಪಾಳೆ ಬಿತ್ತು, ಹಾರ ಹಾಕಿದರು. ಮನೆಗೆ ಬಂದು ಗೆದ್ದೆ ಅಂದೆ. ಅತ್ತೆ ಯಾರು ಯಾರು ಹಾಡಿದರು ಅಂತ ವಿಚಾರಿಸಿ, ಅರ್ಧ ನೀನೇ ಹೇಳಿದ್ದೀಯ, ಅರ್ಧ ಕೋಣೆ ತಗೋ ಅಂದು, ಸುಣ್ಣದ ಕಡ್ಡಿ ತಂದು ನೆಲದ ಮಧ್ಯೆ ಗೆರೆ ಎಳೆದರು.

೩. ನಾಲ್ಕು ಜನದ ಹಾಡು

ಇದರಲ್ಲಿ ತಪ್ಪೆಲ್ಲ ನನ್ನದೇ, ಬೇಗ ಹೇಳಿ ಮುಗಿಸುತ್ತೇನೆ. ಹನೂರು ತಾಲೂಕಿನ ಒಂದು ಚರ್ಚಿನ ಹಾಡುವ ತಂಡದವರು ಕನ್ನಡ ಉಚ್ಚಾರ ತಿದ್ದಿಕೊಡಿ ಅಂತ ಕರೆದರು. ಅವರ ಮನೆಮಾತು ತಮಿಳು. ಹೋಗಿ ಕೇಳಿದೆ. ಉಚ್ಚಾರ ನನ್ನದಕ್ಕಿಂತ ಚೆನ್ನಾಗಿತ್ತು, ಆದರೆ ಹೆಂಗಸರು ಒಂದು ಸ್ವರ, ಗಂಡಸರು ಒಂದು ಸ್ವರ, ಮೂಲೆಯ ಇಬ್ಬರು ಒಬ್ಬೊಬ್ಬರು ಒಂದೊಂದು ಸ್ವರ. ಅಯ್ಯೋ ಪಾಪ, ಇಷ್ಟು ದಿನ ಇವರಿಗೆ ಯಾರೂ ಹೇಳಿಲ್ಲವಲ್ಲ ಅಂದುಕೊಂಡೆ. ಮೂರು ಭಾನುವಾರ ಕೂತು, ಬೈದು, ಎಲ್ಲರನ್ನೂ ಒಂದೇ ಸ್ವರಕ್ಕೆ ತಂದೆ. ಅವರೋ ಮರ್ಯಾದಸ್ತರು, ಟೀಚರ್ ಹೇಳಿದ ಮೇಲೆ ಮುಗಿಯಿತು ಅಂತ ಕೇಳಿದರು.

ಚರ್ಚಿನ ಕಾರ್ಯಕ್ರಮದ ದಿನ ಸ್ಟೇಜಿನ ಮೇಲೆ ಅರ್ಧ ಜನಕ್ಕೆ ಹಳೆಯದು ಬಾಯಿಗೆ ಬಂತು, ಅರ್ಧ ಜನಕ್ಕೆ ನನ್ನದು. ಎರಡನೇ ಚರಣಕ್ಕೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಲ್ಲಿಸಿಬಿಟ್ಟರು. ತಂಡದ ಹಿರಿಯ ಹೆಂಗಸು ನನ್ನನ್ನು ಪಕ್ಕಕ್ಕೆ ಕರೆದು, ತುಂಬ ಮೆತ್ತಗೆ ಹೇಳಿದರು. “ಬೇಜಾರು ಮಾಡ್ಕೋಬೇಡಿ ಮೇಡಂ. ಅದು ನಾಲ್ಕು ಜನ ನಾಲ್ಕು ಥರ ಹಾಡಿದ್ರೇನೇ ಸರಿ. ನಮ್ಮ ತಾತನ ಕಾಲದಿಂದ ಹಂಗೇ.”

ಹೇಳಿಲ್ಲ ಯಾಕೆ ಮೊದಲೇ ಅಂದೆ. ನೀವು ಅಷ್ಟು ಕಷ್ಟಪಟ್ಟು ಹಾಳು ಮಾಡುತ್ತಿದ್ದಿರಿ, ಹೇಳೋಕೆ ಮನಸ್ಸಾಗಲಿಲ್ಲ ಅಂದರು.

೪. ಎಕೋ ಇಲ್ಲದ ಮೈಕು

ಯಳಂದೂರಿನ ಒಬ್ಬ ಆರ್ಕೆಸ್ಟ್ರಾ ಗಾಯಕ. ಇವನ ಮೇಲೆ ನನಗೆ ಪೂರ್ತಿ ಭರವಸೆ ಇತ್ತು, ಯಾಕೆಂದರೆ ಸ್ಟೇಜು ಅಂದರೆ ಅವನಿಗೆ ಅತ್ತೆ ಮನೆ ಇದ್ದ ಹಾಗೆ. ಒಂದೇ ತೊಂದರೆ, ಎಕೋ ಇಲ್ಲದಿದ್ದರೆ ಹಾಡಲಾರ. ದನಿ ಹೋಗಿ ತಿರುಗಿ ಬಂದು ಕಿವಿಗೆ ಬಿದ್ದರೇನೇ ಅವನಿಗೆ ಅದು ತನ್ನದು ಅಂತ ಧೈರ್ಯ. ಅಭ್ಯಾಸಕ್ಕೆ ತಮ್ಮ ತೋಟದ ಪಾಳುಬಾವಿಯ ಕಟ್ಟೆ ಮೇಲೆ ಬಗ್ಗಿ ನಿಂತು ಹಾಡುತ್ತಿದ್ದನಂತೆ. ಎರಡು ಸಲ ಊರವರು ಏನೋ ತಪ್ಪು ತಿಳಿದು ಹಿಂದಿನಿಂದ ತಬ್ಬಿ ಎಳೆದಿದ್ದರಂತೆ.

ಯಳಂದೂರಿನಲ್ಲೇ ಒಂದು ಸ್ಪರ್ಧೆ. ಹಾಡಿಗೆ ಐದು ನಿಮಿಷ, ಮೈಕು ಬರೀ ಭಾಷಣದ ಮೈಕು. ಎಕೋ ಕೇಳಿದ್ದಕ್ಕೆ ಮೈಕ್‌ಸೆಟ್ಟಿನವನು ತಲೆ ಅಲ್ಲಾಡಿಸಿದ. ನಾನು ಅವನ ಮುಖ ನೋಡಿದೆ. ಇವನು ಮಾತ್ರ ಗಾಬರಿ ಬೀಳಬೇಡಿ ಅಂತ ಕಣ್ಣಲ್ಲೇ ಸನ್ನೆ ಮಾಡಿದ.

“ಬೆಳದಿಂಗಳೇ... ದಿಂಗಳೇ... ಗಳೇ...” ಅಂತ ಶುರುವಾಯಿತು. ಎಕೋವನ್ನು ಬಾಯಲ್ಲೇ ಹಾಕಿಕೊಳ್ಳುತ್ತಿದ್ದ. ಪ್ರತಿ ಸಾಲಿನ ಕೊನೆಗೂ ಮೂರು ಸಲ, ಒಂದಕ್ಕಿಂತ ಒಂದು ಸಣ್ಣಗೆ, ತಲೆಯನ್ನು ಮೈಕಿನಿಂದ ದೂರ ತೆಗೆದುಕೊಂಡು ಹೋಗುತ್ತಾ. ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಆದರೆ ಆ ಲೆಕ್ಕದಲ್ಲಿ ಐದು ನಿಮಿಷದ ಹಾಡಿಗೆ ಹದಿನೈದು ನಿಮಿಷ ಬೇಕಾಗಿತ್ತು. ಪಲ್ಲವಿ ಮುಗಿದು ಚರಣಕ್ಕೆ ಕಾಲಿಡುವಷ್ಟರಲ್ಲಿ ಗಂಟೆ ಬಾರಿಸಿದರು. ಅತ್ತೆ ಮಾರನೇ ದಿನವೇ ಹಳ್ಳ ತೋಡುವ ಆಳನ್ನು ಕರೆಸಿ ಜಾಗ ತೋರಿಸಿದರು.

ಅವನೋ, ಬೇಜಾರಿಲ್ಲದೆ ಸಭೆಗೆ ಕೈಮುಗಿದು “ನಮಸ್ಕಾರ... ಸ್ಕಾರ... ಕಾರ...” ಅಂದು ಇಳಿದಿದ್ದ.

೫. ಎಳೆ ಕಟ್ಟುವುದು

ಯುಗಾದಿಗೆ ಒಂದು ವಾರ ಇತ್ತು. ಕೊಳ್ಳೇಗಾಲದಲ್ಲೇ ಹೆಂಗಸರ ಗಾಯನ ಸ್ಪರ್ಧೆ. ಹೆಸರು ಕೊಟ್ಟಿದ್ದ ನನ್ನ ಶಿಷ್ಯೆಗೆ ಅಂದು ಬೆಳಗ್ಗೆ ಗಂಟಲು ಕಟ್ಟಿಕೊಂಡಿತು. ನಾನು ಅಡುಗೆಮನೆಯಲ್ಲಿ ತಲೆ ಮೇಲೆ ಕೈ ಹೊತ್ತು ಕೂತೆ. ಇಪ್ಪತ್ತೆರಡು ವರ್ಷದ ಕೋಣೆ, ಹೋಯಿತು ಅನ್ನಿಸಿ ನಿಜವಾಗಿ ಅಳು ಬಂತು.

ಆಗ ನಡುಮನೆಯಿಂದ, ಆ ಶಿಷ್ಯೆಗೆ ಕಲಿಸಿದ್ದ ಅದೇ ಹಾಡು ಕೇಳಿಸಿತು, ಮಗ್ಗದ ಟಕಟಕ ಸದ್ದಿನ ಜೊತೆ. ನೋಡಿದರೆ ನನ್ನ ಓರಗಿತ್ತಿ, ನನ್ನ ಮೈದುನನ ಹೆಂಡತಿ. ಹದಿನಾಲ್ಕು ವರ್ಷದಿಂದ ಗೋಡೆಯ ಆಚೆ ಕೂತು ನೇಯುತ್ತಾ ನನ್ನ ಪಾಠವನ್ನೆಲ್ಲ ಕುಡಿದುಬಿಟ್ಟಿದ್ದಳು. ನಾನು ಅವಳ ಕೈ ಹಿಡಿದುಕೊಂಡೆ. ಕಾಲಾಡಿಸದೆ ಹಾಡಲು ಬರಲ್ಲ ಅಂದಳು. ಆಡಿಸು ತಾಯಿ, ಯಾರು ಬೇಡ ಅಂದರು ಅಂದೆ. ಆಮೇಲೆ, ನೀನು ಹಾಡಿ ಗೆಲ್ಲಿಸಿದರೆ ಅತ್ತೆಗೆ ಬೇಜಾರಾಗುತ್ತದೇನೋ ಅಂತಲೂ ಅಂದೆ.

“ನಂಗೂ ಇನ್ನೊಂದು ಮಗ್ಗ ಬ್ಯಾಡ ಕಣಕ್ಕ. ಒಂದ್ರಲ್ಲೇ ಸೊಂಟ ಬಿದ್ದೋಗದೆ” ಅಂದಳು.

ಶಿಷ್ಯೆಯ ಬದಲು ಅವಳ ಹೆಸರು ಬರೆಸಿ, ಸ್ಟೇಜಿನ ಮೇಲೆ ಕುರ್ಚಿ ಹಾಕಿಸಿದೆ. ಅವಳು ಕೂತು, ಸೀರೆಯ ಕೆಳಗೆ ಎರಡು ಕಾಲಲ್ಲೂ ತುಳಿಯುತ್ತಾ, ಲಾಳಿಯ ಹಗ್ಗ ಎಳೆಯುವ ಹಾಗೆ ಬಲಗೈ ಜಗ್ಗುತ್ತಾ ಶುರು ಮಾಡಿದಳು. ತಾಳ ಒಂದು ಕೂದಲಷ್ಟು ಆಚೀಚೆ ಆಗಲಿಲ್ಲ. ಪಲ್ಲವಿ ಆಯಿತು, ಮೊದಲ ಚರಣ ಆಯಿತು. ಇದ್ದಕ್ಕಿದ್ದ ಹಾಗೆ ನಿಲ್ಲಿಸಿದಳು.

ನಾನು ಎದ್ದು ನಿಂತೆ. ಅವಳು ಮಾತ್ರ ನಿಧಾನವಾಗಿ ಮುಂದಕ್ಕೆ ಬಗ್ಗಿದಳು. ಗಾಳಿಯಲ್ಲಿ ಎರಡು ಬೆರಳಿನಿಂದ ಕಿತ್ತುಹೋದ ಎಳೆಯ ತುದಿ ಹುಡುಕಿದಳು, ಇನ್ನೊಂದು ತುದಿ ತಂದಳು, ಎಂಜಲು ಹಚ್ಚಿ ಹೊಸೆದಳು, ಗಂಟು ಹಾಕಿದಳು, ಮಿಕ್ಕ ನೂಲನ್ನು ಹಲ್ಲಲ್ಲಿ ಕಡಿದಳು. ಸಭೆಯಲ್ಲಿ ಇದ್ದವರು ಮುಕ್ಕಾಲು ಪಾಲು ನೇಯುವ ಮನೆಯವರು. ಎಲ್ಲರೂ ಉಸಿರು ಬಿಗಿಹಿಡಿದು ಬಗ್ಗಿ ನೋಡಿದರು, ಗಂಟು ಬಿದ್ದಾಗ ಒಟ್ಟಿಗೆ ಉಸಿರು ಬಿಟ್ಟರು. ಹಾಡು ಬಿಟ್ಟಲ್ಲಿಂದ ಮುಂದಕ್ಕೆ ಹೋಯಿತು. ಹೀಗೆ ಮೂರು ಸಲ. ಮೂರನೆಯ ಸಲ ಮುಂದಿನ ಸಾಲಿನಲ್ಲಿ ಕೂತಿದ್ದ ಅತ್ತೆಯೇ, ಬಿಗಿಯಾಗಿ ಕಟ್ಟವ್ವ ಅಂತ ಹೇಳಿಬಿಟ್ಟರು.

ಹಾಡು ಮುಗಿಯಿತು. ಪೂರ್ತಿ ಮುಗಿಯಿತು. ಮೈಸೂರಿನಿಂದ ಬಂದಿದ್ದ ತೀರ್ಪುಗಾರರು ಎದ್ದು ನಿಂತು, ಮೌನವನ್ನು ಇಷ್ಟು ಧೈರ್ಯವಾಗಿ ಬಳಸುವ ತಂತ್ರವನ್ನು ತಾವು ಎಲ್ಲೂ ಕೇಳಿಲ್ಲ, ಇದು ಯಾವ ಪರಂಪರೆ ಅಂತ ಕೇಳಿದರು. ಕೊಳ್ಳೇಗಾಲದ್ದು ಸಾ ಅಂದಳು. ಎರಡನೇ ಬಹುಮಾನ ಬಂತು.

ದಾರಿಯಲ್ಲಿ ಕೇಳಿದೆ, ಏನೇ ಅದು ಅಂತ. “ಸಾಲು ಮರ್ತೋದ್ರೆ ಎಳೆ ಕಟ್ತೀನಿ ಕಣಕ್ಕ, ಕಟ್ಟೋ ಒಳ್ಗೆ ನೆಪ್ಪಾಯ್ತದೆ. ಸುಮ್ನೆ ಕೂತಿದ್ರೆ ಅತ್ತೆ ಬೈತಾರಲ್ಲ” ಅಂದಳು.

ಅತ್ತೆ ಮಾತಿನವರು. ಕ್ವಾಣೆ ನಿಂದು ಅಂದರು, ಮಗ್ಗದ ಮರಗಳನ್ನು ಅಟ್ಟಕ್ಕೆ ಹತ್ತಿಸಿದರು, ಆಳಿಗೆ ಬರಬೇಡ ಅಂದರು. ನಾನು ಪಾಯಸ ಮಾಡಿದೆ.

ಮೂರನೇ ದಿನ ನಮ್ಮ ಬೀದಿಯ ಐದು ಜನ ಹೆಂಗಸರು ಸಂಗೀತ ಕಲಿಯುತ್ತೇವೆ ಅಂತ ಬಂದರು. ಎಲ್ಲರೂ ಹುಟ್ಟಿದಾಗಿನಿಂದ ನೇಯುವವರು. ಚಾಪೆ ಹಾಸಿ ಕೂರಿಸಿದೆ, ಚಕ್ಕಳಮಕ್ಕಳ ಹಾಕಿದ ಕಾಲಲ್ಲಿ ಒಬ್ಬರಿಗೂ ಸ್ವರ ಹೊರಡಲಿಲ್ಲ. ಮಗ್ಗ ಎಲ್ಲಿ ಮೇಡಂ ಅಂತ ಕೇಳಿದರು. ಅದನ್ನು ನೋಡಿ ಹಳೆಯ ಶಿಷ್ಯರೂ ನಮಗೂ ಎಳೆ ಕಟ್ಟುವುದು ಹೇಳಿಕೊಡಿ ಅಂತ ಪಟ್ಟು ಹಿಡಿದರು. ಒಂದು ವಾರ ತಡೆದೆ. ಬೇರೆ ದಾರಿ ಕಾಣಲಿಲ್ಲ. ಅತ್ತೆಯ ಮುಂದೆ ಹೋಗಿ ನಿಂತು, ನೆಲ ನೋಡಿಕೊಂಡು, ಅಟ್ಟದ ಮೇಲಿನ ಮಗ್ಗ ಬೇಕಾಗಿತ್ತು ಅಂದೆ. ಒಂದರಲ್ಲಿ ಆಗುವುದಿಲ್ಲ, ಸಾಧ್ಯವಾದರೆ ಎರಡು ಅಂತಲೂ ಸೇರಿಸಿದೆ.

ಅತ್ತೆ ಎಲೆಯಡಿಕೆ ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು. ಮೂಲೆಯಲ್ಲಿದ್ದ ಗುದ್ದಲಿಯನ್ನು ಕಾಲಿನಲ್ಲಿ ನನ್ನ ಕಡೆ ಸರಿಸಿದರು.

“ಕ್ವಾಣೆ ನಿಂದು ಕಣವ್ವ. ಹಳ್ಳ ನೀನೇ ತೋಡ್ಕೊ.”