ಫ್ರಿಜ್ಜಿನಲ್ಲಿ ಮಲಗಿದ ಮೇಪಲ್

ಮರವನ್ನು ನಿದ್ದೆ ಮಾಡಿಸಲು ಹೊರಟವನ ಮನೆಯಲ್ಲಿ ಇಂಥವೆಲ್ಲ ನಡೆಯುತ್ತಲೇ ಇರುತ್ತವೆ. ನಾನಂತೂ ಆಶ್ಚರ್ಯಪಡುವುದನ್ನೇ ಬಿಟ್ಟಿದ್ದೇನೆ.

ಕೋವಿಡ್ ಇದ್ದಷ್ಟು ಕಾಲ ನನ್ನ ಹೆಂಡತಿ ಮೀರಾ ಸ್ಯಾನ್ ಡಿಯಾಗೊದ ನಮ್ಮ ಮನೆಯ ಊಟದ ಮೇಜಿನ ಮೇಲೇ ಕೆಲಸ ಮಾಡಿದಳು. ಆಮೇಲೆ ಕಂಪನಿ, ಆಫೀಸಿಗೇ ಬರಬೇಕು ಎಂದಿತು. ಆಫೀಸು ಇದ್ದದ್ದು ದೂರದ, ಹಿಮ ಸುರಿಯುವ ಮಿನೆಸೋಟಾದಲ್ಲಿ. ಬೋನ್ಸಾಯಿ ಮಾಡಲೆಂದು ಸಾಕಿದ್ದ ಮೂರು ಮೇಪಲ್ ಸಸಿಗಳಲ್ಲಿ ಎರಡನ್ನು ಹೊತ್ತುಕೊಂಡು ಹೋದಳು, ಒಂದನ್ನು ನನಗೆ ಬಿಟ್ಟಳು. ಅಲ್ಲಿ ಬೇರು ಹೆಪ್ಪುಗಟ್ಟಬಾರದೆಂದು ಕುಂಡಗಳನ್ನು ಮಣ್ಣಿನಲ್ಲಿ ಹೂತು, ಮೇಲೆ ಒಣ ಎಲೆ ಹೊದಿಸಿದಳಂತೆ. ಇಲ್ಲಿನ ಗೋಳೇ ಬೇರೆ. ಚಳಿಯಲ್ಲಿ ಕೆಲವು ವಾರ ಮಲಗದಿದ್ದರೆ ಮೇಪಲ್ ಸರಿಯಾಗಿ ಚಿಗುರುವುದಿಲ್ಲ. ಸ್ಯಾನ್ ಡಿಯಾಗೊದಲ್ಲೋ ಡಿಸೆಂಬರಿನಲ್ಲೂ ಜನ ಚಡ್ಡಿಯಲ್ಲೇ ಓಡಾಡುತ್ತಾರೆ.

"ಗ್ಯಾರೇಜಿನ ಫ್ರಿಜ್ಜಲ್ಲಿ ಇಡಿ. ಮೊದಲ ಚಿಗುರು ಬಂದ ದಿನ ಫೋಟೊ ಕಳಿಸಿ, ರಜೆ ಹಾಕಿ ಬರ್ತೀನಿ," ಎಂದಳು. ಅವಳಿಗೆ ಉಳಿದಿದ್ದದ್ದು ಒಂದೇ ವಾರದ ರಜೆ. ಹಾಗಾಗಿ ಆ ಮೊಳದುದ್ದದ ಕಡ್ಡಿಯನ್ನು ಕೂಸಿನಂತೆ ನೋಡಿಕೊಂಡೆ.

ಯಾರು ಬರಬೇಕು?

ಎರಡು-ಮೂರು ಗಂಟೆ ದಾರಿಯ ಕ್ಯಾಲಬಾಸಸ್ ದೇವಸ್ಥಾನಕ್ಕೆ ಒಟ್ಟಿಗೆ ಹೋಗೋಣವೆಂದು ಪಕ್ಕದ ಬೀದಿಯ ಅಂಕಲ್ ಕಾರು ತಂದರು. ದಾರಿಗೆ ನೀರಿನ ಬಾಟಲಿ ತೆಗೆದುಕೊಳ್ಳಲು ಗ್ಯಾರೇಜಿನ ಫ್ರಿಜ್ ತೆರೆದವರು ಹಾಗೇ ನಿಂತುಬಿಟ್ಟರು. ಒಂದೂ ಎಲೆಯಿಲ್ಲದ ಗಿಡ, ಸುತ್ತ ಪ್ಲಾಸ್ಟಿಕ್ ಹೊದಿಕೆ.

"ಇದು ಹೋಗಿಬಿಟ್ಟಿದೆಯಲ್ಲಪ್ಪಾ?" ಎಂದರು. ಆಮೇಲೆ ಟೋಪಿ ತೆಗೆದು, ದನಿ ತಗ್ಗಿಸಿ, "ಯಾರು ಬರಬೇಕು ಅಂತ ಕಾಯ್ತಿದ್ದೀಯ?"

"ಹೆಂಡತಿ ಬರಬೇಕು, ಅಂಕಲ್."

ದೇವಸ್ಥಾನ ತಲುಪುವವರೆಗೂ ಅವರು ಕಾರಿನಲ್ಲಿ ಹಾಡು ಹಾಕಲಿಲ್ಲ.

ಅವ್ವನ ನ್ಯಾಯ

ಜನವರಿಯಲ್ಲಿ ಧಾರವಾಡದಿಂದ ಅವ್ವ ಬಂದಳು. ಇಡ್ಲಿ ಹಿಟ್ಟು ಉಬ್ಬಲೆಂದು ನಾವು ಅದನ್ನು ಓವನ್ನಿನೊಳಗಿಟ್ಟು ಬರೀ ಲೈಟ್ ಹಾಕಿಡುತ್ತೇವೆ. ಬೆಳಿಗ್ಗೆ ಹಿಟ್ಟು ತೆಗೆಯಲು ಹೋದರೆ ಪಾತ್ರೆಯ ಪಕ್ಕದಲ್ಲೇ ಮೇಪಲ್ ಕುಳಿತಿದೆ, ಕೊರಳಿಗೆ ಅವ್ವನ ಮಫ್ಲರ್!

"ಅವ್ವಾ, ಇದು ಥಂಡ್ಯಾಗ ಮಲಗಬೇಕು!"

"ಹಿಟ್ಟಿಗೆ ಬೆಚ್ಚಗ, ಜೀವ ಇದ್ದದ್ದಕ್ಕ ಥಂಡಿ. ಯಾವ ನ್ಯಾಯನೋ ಇದು? ಹೆಂಡ್ತೀನ ಹಿಮದಾಗ ಕಳಿಸೀದಿ, ಗಿಡಾನ ಫ್ರಿಜ್ಜಿನ್ಯಾಗ ಇಟ್ಟೀದಿ. ನಾ ಊರಿಗೆ ಹೋಗೂತನಕ ಇನ್ನ ನಿನ್ನ ಫ್ರಿಜ್ಜಿನ ಹತ್ರ ಬರಂಗಿಲ್ಲಪ್ಪಾ, ನನ್ನೂ ಒಳಗ ಇಟ್ಟೀ!"

ಮೊದಲ ಚಿಗುರು

ಫೆಬ್ರವರಿ ಕೊನೆಗೆ ಗಿಡವನ್ನು ಫ್ರಿಜ್ಜಿನಿಂದ ಹೊರಗೆ ತಂದು ಹಿತ್ತಿಲಲ್ಲಿಟ್ಟೆ. ಅವ್ವ ಊರಿಗೆ ಹೊರಟುಹೋದಳು. ಮಾರ್ಚ್ ಅರ್ಧ ಕಳೆಯಿತು, ಕಡ್ಡಿ ಕಡ್ಡಿಯಾಗಿಯೇ ಇತ್ತು. ದಿನಾ ಫೋನಿನಲ್ಲಿ ಮೀರಾ, "ಚಿಗುರಿತಾ?" "ಇನ್ನೂ ಇಲ್ಲ." ಅಷ್ಟು ಹೇಳಿ ಇಬ್ಬರೂ ಫೋನ್ ಇಡುತ್ತಿದ್ದೆವು. ಒಬ್ಬನಿಗೇ ಕಾಫಿ ಮಾಡಿಕೊಂಡು ಕುಡಿದು ಸಾಕಾಗಿತ್ತು. ನಿಜ ಹೇಳಬೇಕೆಂದರೆ ಮೇಪಲ್ ಏನಾದರೂ ಆಗಲಿ, ನನಗೆ ಅವಳನ್ನು ನೋಡಬೇಕಿತ್ತು.

ಒಂದು ಭಾನುವಾರ ಸಾರಿಗೆ ಕೊತ್ತಂಬರಿ ಹೆಚ್ಚುತ್ತಿದ್ದೆ. ಎಲೆಯೊಂದನ್ನು ಕೈಯಲ್ಲಿ ಹಿಡಿದು ನೋಡಿದೆ. ಅಂಚಿನ ಕಚ್ಚು ಥೇಟ್ ಮೇಪಲ್! ಎರಡು ಎಳೆ ಎಲೆಗಳನ್ನು ಅನ್ನದ ಅಗುಳಿನಿಂದ ಕಡ್ಡಿಯ ತುದಿಗೆ ಅಂಟಿಸಿ, ಸ್ವಲ್ಪ ಮಬ್ಬಾಗಿ ಫೋಟೊ ತೆಗೆದು ಕಳಿಸಿಯೇ ಬಿಟ್ಟೆ. ಹತ್ತು ನಿಮಿಷಕ್ಕೆ ಉತ್ತರ ಬಂತು: "ಟಿಕೆಟ್ ಬುಕ್ ಮಾಡಿದೆ. ನಾಳೆ ಮಧ್ಯಾಹ್ನ ಏರ್‌ಪೋರ್ಟಿಗೆ ಬನ್ನಿ."

ಮಾರನೆಯ ದಿನ ಮನೆಗೆ ಬಂದವಳೇ ಕೋಟು ಕೂಡ ಬಿಚ್ಚದೆ ಹಿತ್ತಿಲಿಗೆ ನಡೆದಳು. ಎಲೆಗಳು ಒಣಗಿ ಉದುರಿದ್ದವು, ಕಡ್ಡಿಯ ತುದಿಯಲ್ಲಿ ಅಗುಳು ಮಾತ್ರ ಇತ್ತು. ನಾನು ತಲೆ ತಗ್ಗಿಸಿ ಎಲ್ಲವನ್ನೂ ಒಪ್ಪಿಕೊಂಡೆ.

"ಕೊತ್ತಂಬರಿ ಅಂತ ಫೋಟೊ ನೋಡಿದ ತಕ್ಷಣ ಗೊತ್ತಾಯ್ತು ರೀ," ಎಂದಳು.

"ಮತ್ತೆ ಯಾಕೆ ಬಂದೆ?"

"ನಿಜವಾದ ಚಿಗುರಾಗಿದ್ರೆ ಕೆಲಸ ಮುಗಿಸಿ ಮುಂದಿನ ವಾರ ಬರ್ತಿದ್ದೆ. ಗಂಡ ಮರಕ್ಕೆ ಕೊತ್ತಂಬರಿ ಅಂಟಿಸೋ ಸ್ಥಿತಿಗೆ ಬಂದಿದ್ದಾನೆ ಅಂದ್ಮೇಲೆ ತಡ ಮಾಡಕ್ಕಾಗುತ್ತಾ?"